ಚಿತ್ರದೊಳಗಿನ ಕೆಂಪು ನೀರು

ಗುಡ್ಡ ಕುಸಿದು ಮನೆ ಹೋದ ಮೇಲೆ ನಾವು ಕುಶಾಲನಗರದಲ್ಲಿ ಬಾಡಿಗೆ ಮನೆ ಹಿಡಿದೆವು. ಬೋಳು ಗೋಡೆಗೆ ಇರಲಿ ಎಂದು ನಮ್ಮ ಯಜಮಾನರು ಒಂದು ಚಿತ್ರ ತಂದು ಹಾಕಿದರು. ಯಾರೋ ಇಂಗ್ಲಿಷ್ ಚಿತ್ರಕಾರ ಬರೆದದ್ದರ ಪ್ರಿಂಟು: ಹಿಂದೆ ಬೆಟ್ಟ, ಮುಂದೆ ಸರೋವರ, ದಡದಲ್ಲಿ ಹೊಗೆಯಾಡುವ ಪುಟ್ಟ ಮನೆ. ನೋಡಿದವರೆಲ್ಲ ಚೆಂದ ಎಂದರು. ನನಗೆ ಕಂಡದ್ದು ಬೆಟ್ಟದ ಬುಡದಲ್ಲಿ ನೀರಿಗೆ ಬಳಿದ ಕೆಂಪು ಮಾತ್ರ.

ನಮ್ಮೂರಲ್ಲಿ ಮಳೆಗಾಲದ ಬೆಳಿಗ್ಗೆ ತೊರೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದೆವು. ಕೆಂಪಾಗಿದ್ದರೆ ಗುಡ್ಡ ಜಾರುವುದು ಖಂಡಿತ, ಉಟ್ಟ ಬಟ್ಟೆಯಲ್ಲೇ ಹೊರಡಬೇಕು. ಚಿತ್ರದ ಮನೆಯವರು ಇನ್ನೂ ಒಲೆ ಉರಿಸುತ್ತ ಕೂತಿದ್ದರು.

“ಇದನ್ನ ಇಳಿಸ್ರೀ. ನೀರು ಕೆಂಪಾಗಿದೆ,” ಎಂದೆ.

“ಅದು ಸಂಜೆ ಬಿಸಿಲು ಕಣೇ. ಇಂಗ್ಲೆಂಡಿನ ಬೆಟ್ಟ ಇಲ್ಲಿಗೆ ಬಂದು ಬೀಳುತ್ತಾ?” ಎಂದು ಅವರು ನಕ್ಕರು.

ನನಗೆ ಸಿಟ್ಟು ಬಂತು. ನಮ್ಮ ಗುಡ್ಡದ ವಿಷಯಕ್ಕೂ ಹೀಗೇ ನಕ್ಕಿದ್ದರು.

ಮಧ್ಯಾಹ್ನ ಮಳೆ ಜೋರಾಯಿತು. ಅಡುಗೆಮನೆಯಲ್ಲಿ ಸದ್ದಾಯಿತೆಂದು ಹೋಗಿ ನೋಡಿದೆ. ಅವರು ನಲ್ಲಿಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಿದ್ದರು.