ಮೂಲ ಸಿಗದ ಗಡ್ಡೆ

ಶೇವ್ ಮಾಡಿಕೊಳ್ಳುವಾಗ ಅಪ್ಪನ ಕೈಗೆ ಸಿಕ್ಕಿತು. ಎಡಗಡೆ ಕತ್ತಿನ ಬುಡದಲ್ಲಿ, ಹುಣಸೆಬೀಜದಷ್ಟು ಗಂಟು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರ್ ಯಾಕೆ ಎಂದು ಅಪ್ಪ ಸುಮ್ಮನಿದ್ದರು. ನಾನೇ ಜಗಳವಾಡಿ ಜಯನಗರದ ಆಸ್ಪತ್ರೆಗೆ ಕರೆದೊಯ್ದೆ. ಬಯಾಪ್ಸಿ ಆಯಿತು.

ಕ್ಯಾನ್ಸರ್.

"ಕತ್ತಿನ ಕ್ಯಾನ್ಸರಾ ಮೇಡಂ?" ಎಂದು ಡಾಕ್ಟರನ್ನು ಕೇಳಿದೆ.

"ಅಲ್ಲ. ಬೇರೆ ಕಡೆ ಹುಟ್ಟಿ ಕತ್ತಿಗೆ ಬಂದಿರೋದು. ಎಲ್ಲಿ ಹುಟ್ಟಿತೋ ಅದರ ಹೆಸರೇ ಇಡ್ತೀವಿ. ಟ್ರೀಟ್‌ಮೆಂಟೂ ಅದರ ಮೇಲೇ ಹೋಗತ್ತೆ."

ಮೂಳೆ, ಸ್ನಾಯುಗಳಲ್ಲಿ ಹುಟ್ಟಿದರೆ ಸಾರ್ಕೋಮಾ, ಅಂಗಗಳ ಒಳಪದರದಲ್ಲಿ ಹುಟ್ಟಿದರೆ ಕಾರ್ಸಿನೋಮಾ ಎಂದು ಬಿಡಿಸಿ ಹೇಳಿದರು. ಅಪ್ಪನದು ಕಾರ್ಸಿನೋಮಾ, ಯಾವುದೋ ಗ್ರಂಥಿಯ ಜೀವಕೋಶದ್ದು. ಆ ಗ್ರಂಥಿ ಯಾವ ಅಂಗದ್ದು? ಅದೊಂದು ಗೊತ್ತಾಗಬೇಕಿತ್ತು.

ಅಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಯಿತು. ಉತ್ತರಹಳ್ಳಿಯಲ್ಲಿ ರಾಗಿ ಬೆಳೆದ ಜಾಗದಲ್ಲೇ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟವರು. ಮನೆ ಕೇಳಿಕೊಂಡು ಬಂದವರನ್ನು "ನಿಮ್ದು ಮೂಲ ಯಾವೂರು?" ಎಂದು ವಿಚಾರಿಸದೆ ಎಂದೂ ಕೀಲಿ ಕೊಟ್ಟವರಲ್ಲ.

"ಊರು ಹೇಳ್ದೆ ಒಳಗೆ ಸೇರ್ಕೊಂಡವ್ನೆ ನೋಡವ್ವ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಇಡೀ ಮೈಗೆ ಪೆಟ್ ಸ್ಕ್ಯಾನ್. ಎಂಡೋಸ್ಕೋಪಿ. ಕೊಲೊನೋಸ್ಕೋಪಿ. ಖಾಲಿ ಹೊಟ್ಟೆಯಲ್ಲಿ ಕೂತು ಕೂತು ಅಪ್ಪ ಸೊರಗಿದರು. ಪ್ರತಿ ರಿಪೋರ್ಟಿಗೆ ಕಾಯುವಾಗಲೂ ನಾನು ಬೇಡಿಕೊಂಡದ್ದು ಒಂದೇ, ಎಲ್ಲಾದರೂ ಕಾಣಲಿ. ಹೆತ್ತಪ್ಪನ ಮೈಯಲ್ಲಿ ಇನ್ನೊಂದು ಗಡ್ಡೆ ಸಿಗಲೆಂದು ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿದ ಮಗಳು ನಾನೊಬ್ಬಳೇ ಇರಬೇಕು.

ಸಿಗಲಿಲ್ಲ.

"ಕೆಲವರಲ್ಲಿ ಕೊನೇವರೆಗೂ ಗೊತ್ತಾಗಲ್ಲ. ಇನ್ನೂ ಕಾಯೋದು ಬೇಡ, ಕೀಮೋ ಶುರು ಮಾಡೋಣ" ಎಂದರು ಡಾಕ್ಟರ್.

"ವಾಸಿಯಾಗತ್ತಾ?"

"ಕಂಟ್ರೋಲಲ್ಲಿ ಇಡೋಕೆ ನೋಡೋಣ."

ಎರಡು ಕೀಮೋ ಆಗಿವೆ. ಕತ್ತಿನ ಗಂಟು ತುಸು ಕರಗಿದೆ. ಅಷ್ಟಕ್ಕೇ ಕೈ ಮುಗಿಯುತ್ತೇನೆ. ಅಪ್ಪನ ಕೂದಲು ಹೋಗಿದೆ, ಅನ್ನದ ವಾಸನೆಗೇ ವಾಕರಿಕೆ, ಕೂತಲ್ಲಿಂದ ಏಳಲು ನನ್ನ ಹೆಗಲು ಬೇಕು. ಮೊನ್ನೆ ಸ್ನಾನ ಮಾಡಿಸುತ್ತಿದ್ದೆ. ಸೋಪು ಹಚ್ಚುವ ನೆಪದಲ್ಲಿ ನನ್ನ ಬೆರಳುಗಳು ಅವರ ಪಕ್ಕೆ, ಹೊಟ್ಟೆ, ಕಂಕುಳನ್ನು ಒತ್ತಿ ಒತ್ತಿ ನೋಡುತ್ತಿದ್ದವು. ಅಷ್ಟು ದೊಡ್ಡ ಮಷೀನಿಗೆ ಸಿಗದ್ದು ನನ್ನ ಕೈಗೆ ಸಿಗುತ್ತದೆಯೇ? ಗೊತ್ತಿದ್ದೂ ನಿಲ್ಲಿಸಲಾಗಲಿಲ್ಲ.

ಅಪ್ಪ ನನ್ನ ಕೈ ಹಿಡಿದುಕೊಂಡರು.

"ಹುಡುಕಿದ್ದು ಸಾಕು ಕಣವ್ವ. ಬೆನ್ನು ಉಜ್ಜು."

ಉಜ್ಜಿದೆ.