ಸಹಿ ಬಿದ್ದ ಮುಖಗಳು

ಗ್ರಾಫಿಕ್ ಡಿಸೈನ್ ಎಂದರೆ ಕಂಪ್ಯೂಟರ್ ಮುಂದೆ ಫ್ಯಾನಿನ ಕೆಳಗೆ ಕುಳಿತು ಮಾಡುವ ಕೆಲಸ ಎಂದು ನಾನು ನಂಬಿದ್ದೆ. ಅವ್ವನನ್ನೂ ನಂಬಿಸಿದ್ದೆ. ಶಿರಹಟ್ಟಿಯಿಂದ ದಿನಾ ಬಸ್ಸು ಹತ್ತಿ ಗದಗಿನ ಚಿತ್ರಕಲಾ ಕಾಲೇಜಿಗೆ ಹೋಗತೊಡಗಿದ ಮೇಲೆ ಗೊತ್ತಾಯಿತು, ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವುದು ಮೂರನೇ ವರ್ಷದವರಿಗೆ ಮಾತ್ರ. ನಮ್ಮ ಪಾಲಿಗೆ ಇದ್ದಿದ್ದು ಇದ್ದಿಲು, ಜೇಡಿಮಣ್ಣು, ಅಕ್ಷರ ಬರೆಯುವ ಚಪ್ಪಟೆ ಬ್ರಷ್ಷು. 'ಅ' ಅಕ್ಷರದ ಹೊಟ್ಟೆ ದುಂಡಗಾಗಲು ನನಗೆ ಒಂದು ವಾರ ಹಿಡಿಯಿತು. ಸಂಜೆ ಮನೆಗೆ ಬಂದರೆ ಅವ್ವ ನನ್ನ ಕೈ ನೋಡಿ, "ಕಾಲೇಜಿಗೆ ಹೋಗಿದ್ದ್ಯೋ, ಕಂಬಾರಸಾಲಿಗೆ ಹೋಗಿದ್ದ್ಯೋ?" ಎನ್ನುತ್ತಿದ್ದಳು.

ಅಪ್ಪ ನನ್ನ ಎಂಟನೇ ವಯಸ್ಸಿಗೆ ತೀರಿಕೊಂಡಿದ್ದ. ಅಂಗನವಾಡಿಯಲ್ಲಿ ಕೆಲಸ ಮಾಡಿ ನನ್ನನ್ನು ಬೆಳೆಸಿದವಳು ಅವ್ವ. ನಾನು ಮೊದಲು ಬರೆಯಲು ಕಲಿತದ್ದೂ ಅವಳ ಮುಖವನ್ನೇ. ಮನೆಯಲ್ಲಿ ಕೂರಿಸಲು ಬೇರೆ ಯಾರಿದ್ದರು?

ನಮಗೆ ಡ್ರಾಯಿಂಗ್ ಕಲಿಸುತ್ತಿದ್ದ ಸರ್ ಮುಂಡರಗಿ ಕಡೆಯವರು, ಮಾತು ಕಡಿಮೆ. ವರ್ಷಕ್ಕೆ ಮುನ್ನೂರು ಸ್ಕೆಚ್ ಬೇಕು, ಎಲ್ಲ ಜೀವಂತ ಮನುಷ್ಯರದೇ ಆಗಬೇಕು ಎಂಬುದು ಅವರ ನಿಯಮ. ಮೊಬೈಲಿನ ಫೋಟೋ ನೋಡಿ ಬರೆದದ್ದು ಕಣ್ಣಿಗೆ ಬಿದ್ದರೆ ಹರಿದೇ ಬಿಡುತ್ತಿದ್ದರು. ಪ್ರತಿ ಸೋಮವಾರ ಒಂದೊಂದೇ ಹಾಳೆ ತಿರುವಿ, ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಸಹಿ ಹಾಕುತ್ತಿದ್ದರು.

ಹಾಗಾಗಿ ಗದಗ ಬಸ್‌ಸ್ಟ್ಯಾಂಡೇ ನಮ್ಮ ಇನ್ನೊಂದು ಕ್ಲಾಸಾಯಿತು. ಜನರನ್ನು ಅವರ ಪಾಡಿಗೆ ಅವರಿರುವಾಗ ಬರೆಯಬೇಕು ಎಂದು ಸರ್ ಹೇಳಿದ್ದರು. ಆದರೆ ನಮ್ಮ ಕಡೆಯ ಜನ ಪೆನ್ಸಿಲ್ ಕಂಡದ್ದೇ ತಡ, ಅವರ ಪಾಡಿಗೆ ಇರುವುದನ್ನು ಬಿಟ್ಟುಬಿಡುತ್ತಾರೆ. ಬಗ್ಗಿ ಕುಳಿತವರು ನೆಟ್ಟಗಾಗುತ್ತಾರೆ. ಹೆಂಗಸರು ಸೆರಗು ಎಳೆದುಕೊಳ್ಳುತ್ತಾರೆ. ಬರೆದು ಮುಗಿಯುವ ಮೊದಲೇ ಕೈ ಚಾಚುತ್ತಾರೆ: "ನನ್ನ ಮಾರಿ ಹೌದಲ್ಲವಾ? ನನಗ ಕೊಡು."

ಕೇಳಿದವರಿಗೆ ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ದಿನಾ ಅದೇ ಬಸ್ಸು, ಅದೇ ಮಂದಿ. ಮುಖ ತಪ್ಪಿಸುವುದಾದರೂ ಹೇಗೆ? "ಸರ್ ಸಹಿ ಮಾಡಿದ ಮ್ಯಾಲೆ ಕೊಡ್ತೀನಿ" ಎನ್ನುತ್ತಿದ್ದೆ. ಸೋಮವಾರ ಸಹಿ ಬಿತ್ತು, ಮಂಗಳವಾರ ಹಾಳೆ ಕಿತ್ತು ಕೊಟ್ಟೆ. ಸಹಿ ಬಿದ್ದರೆ ಕೆಲಸ ಮುಗಿಯಿತು ಎಂಬ ಲೆಕ್ಕ ನನ್ನದು. ಸಹಿ ಇದ್ದದ್ದಕ್ಕೆ ಅವರಿಗೂ ಹೆಚ್ಚಿನ ಖುಷಿ. ಸ್ಟ್ಯಾಂಡಿನ ಹೊರಗೆ ಪಲ್ಲೆ ಮಾರುವ ಹೊಂಬಳದ ಅಜ್ಜಿಯೊಬ್ಬಳು ತನ್ನ ಚಿತ್ರವನ್ನು ರೇಷನ್ ಕಾರ್ಡಿನ ಚೀಲದಲ್ಲೇ ಇಟ್ಟುಕೊಂಡಳು. "ಸಾಹೇಬ್ರ ಸಹಿ ಐತಿ. ಇನ್ನ ಇದು ನಾನಲ್ಲ ಅನ್ನಾಕ ಯಾರಿಗೂ ಬರೂದಿಲ್ಲ," ಎಂದಳು.

ಅವ್ವ ಮಾತ್ರ ತನ್ನ ಒಂದು ಚಿತ್ರವನ್ನೂ ಕೇಳಿದವಳಲ್ಲ.

ವರ್ಷದ ಕೊನೆಗೆ ಸರ್ ಬಾಂಬು ಹಾಕಿದರು. ಎಂಟು ದಿನದೊಳಗೆ ಸಹಿ ಇರುವ ಮುನ್ನೂರೂ ಹಾಳೆ ತಂದು ಒಪ್ಪಿಸಬೇಕು. ಒಂದು ಕಡಿಮೆಯಾದರೂ ಪರೀಕ್ಷೆಗೆ ಕೂರಿಸುವುದಿಲ್ಲ. ನಾನು ಎಣಿಸಿ ನೋಡಿದೆ. ನಲವತ್ತೊಂದು ಮುಖಗಳು ಊರೂರು ತಿರುಗಲು ಹೋಗಿದ್ದವು. ಹೊಸದಾಗಿ ಬರೆಯಬಹುದಿತ್ತು, ಆದರೆ ಸೋಮವಾರದ ಸಹಿಗಳು ಮುಗಿದಿದ್ದವು, ಅವಕ್ಕೆ ಸಹಿ ಎಲ್ಲಿಂದ ಬರಬೇಕು? ಆ ಸಹಿಯನ್ನು ನಾನೇ ಹಾಕಿಬಿಡಲೇ ಎಂಬ ಯೋಚನೆಯೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಹೀಗೆ ಶುರುವಾಯಿತು ನನ್ನ ವಸೂಲಿ. ಮುಂಡರಗಿ ಬಸ್ಸಿನ ಕಂಡಕ್ಟರ್ ತನ್ನ ಚಿತ್ರವನ್ನು ಡ್ರೈವರ್ ಸೀಟಿನ ಹಿಂದೆ ಅಂಟಿಸಿದ್ದ. ಉಗುರಿನಿಂದ ಎಬ್ಬಿಸಿ ಕೊಡುತ್ತ, "ಪಾಸಾದ್ಮ್ಯಾಲೆ ವಾಪಸ್ ಬರಬೇಕು ನೋಡವಾ. ಇಲ್ಲಂದ್ರ ನಿನ್ನ ಪಾಸ್ ನಡಿಯೂದಿಲ್ಲ," ಎಂದ. ಅಸುಂಡಿಯಲ್ಲಿ ಎರಡು ಸಿಕ್ಕವು, ಜೊತೆಗೆ ಎರಡು ಕಡೆ ಚುರುಮುರಿ, ಚಹಾ.

ಸ್ಟ್ಯಾಂಡಿನಲ್ಲಿ ಪರಿಚಯವಾಗಿದ್ದ ಹರ್ತಿಯ ಅಕ್ಕನೊಬ್ಬಳ ಮನೆಗೆ ಹೋದೆ. ಅವಳ ಚಿತ್ರ ದೇವರ ಜಗಲಿಯ ಪಕ್ಕದಲ್ಲಿತ್ತು. ಹಣೆಯ ಮೇಲೆ ಎಣ್ಣೆಯಲ್ಲಿ ಕಲಸಿದ ಖರೆ ಕುಂಕುಮ, ಕೈಗೆ ಸ್ಕೆಚ್ ಪೆನ್ನಿನ ಹಸಿರು ಬಳೆ.

"ಬ್ಯಾಸರ ಮಾಡ್ಕೋಬ್ಯಾಡ ತಂಗಿ," ಎಂದಳು ಅಕ್ಕ. "ನಮ್ಮತ್ತಿ ನೋಡಿದ್ಲು. ಗಂಡ ಕಲ್ಲಿನಂಗ ಗಟ್ಟಿ ಇರೂವಾಗ ಬರೇ ಹಣಿ ಯಾಕಂತ ಬೈದ್ಲು. ಅದಕ್ಕ ನಾನ ಹಚ್ಚಿದೆ."

ಉಳಿದ ಮನೆಗಳಲ್ಲೂ ಇದೇ ಕಥೆ. ನಾನು ಕೊಟ್ಟ ಹೆಂಗಸರೆಲ್ಲ ಅವರವರ ಮನೆಯಲ್ಲಿ ಮುತ್ತೈದೆಯರಾಗಿದ್ದರು. ಹೊಂಬಳದ ಅಜ್ಜಿಯಂತೂ ಕುಂಕುಮದ ಜೊತೆಗೆ ಮೂಗಿಗೆ ಬಾಲ್‌ಪೆನ್ನಿನಲ್ಲಿ ನತ್ತನ್ನೂ ಬರೆದುಕೊಂಡಿದ್ದಳು. ಬೇರೆಯವರ ಕೈ ತಾಗಿದ ಹಾಳೆಯನ್ನು ಸರ್ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಒಂದು ಹಣೆಯನ್ನು ರಬ್ಬರಿನಿಂದ ತಿಕ್ಕಿ ನೋಡಿದೆ. ಕುಂಕುಮ ಮುಖಕ್ಕೆಲ್ಲ ಹರಡಿ, ಆಯಮ್ಮ ಓಕುಳಿ ಆಡಿ ಬಂದವಳಂತಾದಳು. ಮತ್ತೆ ಯಾವುದನ್ನೂ ಮುಟ್ಟುವ ಧೈರ್ಯ ಮಾಡಲಿಲ್ಲ.

ಒಪ್ಪಿಸುವ ದಿನ ಬಂತು. ನಲವತ್ತೊಂದೂ ಕೈಯಲ್ಲಿದ್ದವು. ಸರ್ ಒಂದೊಂದೇ ಹಾಳೆ ತಿರುವುತ್ತ ಹೊಂಬಳದ ಅಜ್ಜಿಯ ಹತ್ತಿರ ನಿಂತರು.

"ಈ ನತ್ತು ಯಾರು ಬರದಾರ?"

ಎಲ್ಲವನ್ನೂ ಒದರಿಬಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ಎಲ್ಲ ಹಾಳೆಗಳನ್ನೂ ತಿರುವಿದರು.

"ಇಷ್ಟ ಹೆಣ್ಮಕ್ಕಳನ್ನ ಬರದಿ. ನೀ ಒಬ್ಬಾಕಿಗೂ ಕುಂಕುಮ ಇಟ್ಟಿಲ್ಲ. ಯಾಕ?"

"ಜಲ್ದಿ ಬರಿಯೂದ್ರಾಗ ಸಣ್ಣ ಸಣ್ಣವು ಬಿಟ್ಟೇನ್ರಿ ಸರ್."

"ಗಂಡಸರ ಮೀಸಿ ಒಂದೂ ಬಿಟ್ಟಿಲ್ಲಲ್ಲ?"

ಕ್ಲಾಸೆಲ್ಲ ನಕ್ಕಿತು. ಸರ್ ಹಾಳೆಗಳನ್ನು ಜೋಡಿಸಿ ಬದಿಗಿಟ್ಟು ಹೇಳಿದರು: "ನೀ ನೋಡಲಾರದ್ದನ್ನ ಅವರು ನೋಡ್ಯಾರ. ಹೊಂಬಳದ ಅಜ್ಜಿಗೆ ಹತ್ತಕ್ಕ ಒಂಬತ್ತು, ನಿನಗ ಆರು. ಪರೀಕ್ಷಾಕ್ಕ ಕುಂಡ್ರು, ಹೋಗು."

ಕುಣಿದಾಡುವಷ್ಟು ಸಂತೋಷವಾಯಿತು. ಎಲ್ಲರೂ ತಮ್ಮ ಮುಖಕ್ಕಾಗಿ ಕಾದಿದ್ದಾರೆ ಎಂದು ನಾನು ಹೇಳಿದಾಗ ಸರ್ ಹಾಳೆಗಳನ್ನು ಅಂದೇ ತಿರುಗಿ ಕೊಟ್ಟರು. ಸ್ಟ್ಯಾಂಡಿಗೆ ಓಡಿ ಅಜ್ಜಿಗೆ ಅವಳ ಚಿತ್ರವನ್ನೂ ಅಂಕವನ್ನೂ ಒಪ್ಪಿಸಿದೆ. ಅವಳು ಮೆಂತೆ ಸೂಡು ಕೆಳಗಿಟ್ಟು, "ಒಂದು ಯಾಕ ಹಿಡದಾರ?" ಎಂದು ಕೇಳಿದಳು.

ಶಿರಹಟ್ಟಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತಾಗ ಸರ್ ಕೇಳಿದ ಪ್ರಶ್ನೆಯ ಉತ್ತರ ತಾನಾಗಿ ಬಂತು. ನಾನು ಕಲಿತ ಮೊದಲ ಮುಖಕ್ಕೆ ಕುಂಕುಮ ಇರಲಿಲ್ಲ. ಎಂಟು ವರ್ಷದಿಂದ ಆ ಒಂದೇ ಹಣೆಯನ್ನು ಬರೆದು ಬರೆದು, ಹೆಂಗಸಿನ ಹಣೆ ಎಂದರೆ ಖಾಲಿ ಎಂದು ನನ್ನ ಕೈ ಕಲಿತುಬಿಟ್ಟಿತ್ತು. ಊರ ಹೆಂಗಸರನ್ನೆಲ್ಲ ನನ್ನ ಅವ್ವನನ್ನಾಗಿ ಮಾಡಿ ಹಂಚಿದ್ದೆ. ದುಃಖವಾಯಿತು, ಅವರು ಬಿಡದೆ ತಿದ್ದಿಕೊಂಡದ್ದು ನೆನಪಾಗಿ ನಗುವೂ ಬಂತು.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕುಳಿತು ಆದದ್ದನ್ನೆಲ್ಲ ಹೇಳಿದೆ, ಬಸ್ಸಿನಲ್ಲಿ ಹೊಳೆದದ್ದನ್ನೂ ಮುಚ್ಚಿಡಲಿಲ್ಲ. ಅವಳು ಮೊರ ನಿಲ್ಲಿಸಿ ಚಿತ್ರಗಳ ಕಟ್ಟನ್ನು ಕೇಳಿ ತೆಗೆದುಕೊಂಡಳು. ತನ್ನವೇ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋಗಿ ಕೊನೆಯದರ ಹಣೆಯ ಮೇಲೆ ಬೆರಳಿಟ್ಟಳು.

"ಇಲ್ಲಿದ್ದ ನನ್ನ ಹಚ್ಚಿಬೊಟ್ಟು ಎಲ್ಲಿ ಹೋತು?"

ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಎರಡು ಹುಬ್ಬುಗಳ ನಡುವೆ ಎಳ್ಳುಕಾಳಿನಷ್ಟು ಹಸಿರು ಚುಕ್ಕೆ. ಲಕ್ಷ್ಮೇಶ್ವರದ ತವರುಮನೆಯಲ್ಲಿ ಸಣ್ಣವಳಿದ್ದಾಗ ಸೂಜಿಯಿಂದ ಚುಚ್ಚಿಸಿಕೊಂಡದ್ದು. ಹುಟ್ಟಿದಾಗಿನಿಂದ ಅದು ನನ್ನ ಕಣ್ಣೆದುರಿಗೇ ಇತ್ತು.

"ನಿಮ್ಮಪ್ಪ ಹೋದ ದಿನ ಅಷ್ಟ ಮಂದಿ ಸೇರಿ ನನ್ನ ಹಣಿ ಒರಸಿದ್ರೂ ಇದು ಹೋಗಿದ್ದಿಲ್ಲ," ಎಂದಳು ಅವ್ವ ನಗುತ್ತ. "ನೀ ಒಂದ ಪೆನ್ಸಿಲ್ ಹಿಡದು ಅಳಿಸಿಬಿಟ್ಟೆಲ್ಲವಾ."

ನಾನು ಚೀಲದಿಂದ ಹೊಸ ಹಾಳೆ ತೆಗೆದೆ. ಅವ್ವ ಮೊರ ಕೆಳಗಿಟ್ಟು ಸೆರಗು ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಮಂದಿಯಂತೆ ನೆಟ್ಟಗೆ ಕುಳಿತಳು. ಈ ಸಲ ಎಲ್ಲಕ್ಕಿಂತ ಮೊದಲು ಆ ಚುಕ್ಕೆಯನ್ನೇ ಇಟ್ಟೆ. ಆಮೇಲೆ ಅದರ ಸುತ್ತ ಹುಬ್ಬು, ಕಣ್ಣು, ಮೂಗು.

ಮುಗಿದಾಗ ಅವ್ವ ಕೈ ಚಾಚಿದಳು.

"ಇದನ್ನ ನನಗ ಕೊಡು."

ಸಹಿ ಇರಲಿಲ್ಲ. ಹಾಗೇ ಕೊಟ್ಟೆ.