ಅದಲುಬದಲಾದ ಎರಡು ವಯರು

ಕುಮಟಾದ ಉದಯ ಇಪ್ಪತ್ತೆರಡು ವರ್ಷ ಕರೆಂಟಿನ ಕೆಲಸ ಮಾಡಿದವನು. ಹೊನ್ನಾವರದ ಸೇತುವೆ ದಾಟಿದರೆ ಸಿಗುವ ಕಾಸರಕೋಡಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಶೆಡ್ಡೊಂದಿದೆ. ಅಲ್ಲಿಯ ಮೆಕ್ಯಾನಿಕ್ ವೆಂಕಟ ಅವನ ಶಾಲೆಯ ದಿನಗಳ ಗೆಳೆಯ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ, ಆ ಶೆಡ್ಡಿನ ಕೇಬಲ್ ಸುಟ್ಟುಹೋಯಿತು. ಉದಯ ಸಂಜೆ ಹೋಗಿ ಹೊಸದು ಎಳೆದ. ಮೂರೂ ಫೇಸಿನಲ್ಲಿ ಕರೆಂಟಿತ್ತು, ಲೈಟು ಉರಿದವು, ಫ್ಯಾನು ತಿರುಗಿತು. ಇಂಜಿನ್ ಎತ್ತುವ ಚೈನ್‌ಪುಲ್ಲಿಯ ಮೋಟರನ್ನೂ ಒಮ್ಮೆ ನಡೆಸಿ ನೋಡಬೇಕಿತ್ತು. ಆದರೆ ಮಧ್ಯಾಹ್ನ ಎತ್ತಿದ್ದ ಇಂಜಿನ್ ಅದರಲ್ಲೇ ನೇತಾಡುತ್ತಿತ್ತು, ಬಸ್ಸಿಗೂ ಹೊತ್ತಾಗಿತ್ತು. “ಬೆಳಿಗ್ಗೆ ಹೆಂಗೂ ನೀವೇ ಎತ್ತುತ್ರಲ್ಲ” ಎಂದು ಹೊರಟುಬಿಟ್ಟ.

ಬೆಳಿಗ್ಗೆ ವೆಂಕಟ ಇಂಜಿನ್ನಿನ ಅಡಿಗೆ ಹಲಗೆ ತೂರಿಸಲು ಬಗ್ಗಿದ. “ಹಮ್ಮಣ್ಣ, ಒಂಚೂರು ಮೇಲೆ ತಕಾ” ಎಂದ. ಜೊತೆಗೆ ಕೆಲಸಕ್ಕಿದ್ದ ಹಮ್ಮ ಮೇಲಿನ ಗುಂಡಿ ಒತ್ತಿದ. ಇಂಜಿನ್ ಕೆಳಗಿಳಿಯಿತು. ಗುಂಡಿ ಸರಿಯಾಗಿ ಹಿಡಿಯಲಿಲ್ಲವೇನೋ ಎಂದು ಹಮ್ಮ ಇನ್ನೂ ಗಟ್ಟಿಯಾಗಿ ಒತ್ತಿದ.

ದೂರದ ದೊಡ್ಡ ಆಸ್ಪತ್ರೆಗೆ ಒಯ್ಯುವಾಗ, ಭಟ್ಕಳ ಮುಟ್ಟುವ ಮೊದಲೇ ವೆಂಕಟನ ಉಸಿರು ನಿಂತಿತು.

ಸುದ್ದಿ ಕೇಳಿ ಓಡಿಬಂದ ಉದಯ ಶೆಡ್ಡಿನ ಬೋರ್ಡು ಬಿಚ್ಚಿದ. ಮೂರರಲ್ಲಿ ಎರಡು ವಯರು ಅದಲುಬದಲಾಗಿದ್ದವು. ಹಾಗಾದರೆ ಲೈಟಿಗೆ ಏನೂ ಆಗುವುದಿಲ್ಲ, ಮೋಟರು ಮಾತ್ರ ಉಲ್ಟಾ ತಿರುಗುತ್ತದೆ. ಜನ ಎಲ್ಲ ಹೊರಗಿದ್ದರು. ಉದಯ ಎರಡು ಸ್ಕ್ರೂ ಸಡಿಲಿಸಿ, ವಯರು ಬದಲಿಸಿ, ಬೋರ್ಡು ಮುಚ್ಚಿದ. ಯಾಕೆ ಹಾಗೆ ಮಾಡಿದೆನೆಂದು ಅವನಿಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಮರುದಿನ ಪೊಲೀಸರು ಗುಂಡಿ ಒತ್ತಿ ನೋಡಿದಾಗ ಎಲ್ಲ ಸರಿಯಿತ್ತು. ತಪ್ಪು ಹಮ್ಮನದೆಂದು ಊರೆಲ್ಲ ಆಡಿಕೊಂಡಿತು.

ಮೂರನೇ ದಿನ ವೆಂಕಟನ ಮನೆಯ ಜಗಲಿಯಲ್ಲಿ ಹಮ್ಮ ತಲೆ ತಗ್ಗಿಸಿ ಕೂತಿದ್ದ. “ಮೇಲಿಂದೇ ಒತ್ತಿದ್ದೆ ಅಂದ್ಕಂಡಿದ್ದೆ. ಕೆಳಗಿಂದು ಒತ್ತಿರ್ಬೇಕು” ಎಂದು ವೆಂಕಟನ ಹೆಂಡತಿ ಕಮಲಿಗೆ ಹೇಳಿದ. ಅಲ್ಲೇ ನಿಂತಿದ್ದ ಉದಯನಿಗೆ ತಡೆಯಲಾಗಲಿಲ್ಲ. “ಇಲ್ಲ ಕಮಲಿ, ಹಮ್ಮಣ್ಣ ಸರಿಯಾಗೇ ಒತ್ತಿದ್ದ. ವಯರು ತಪ್ಪು ಕಟ್ಟಿದ್ದು ನಾನು, ಪುಲ್ಲಿ ನಡೆಸಿ ನೋಡ್ದೇ ಹೋದೆ. ಆಮೇಲೆ ಸರಿ ಮಾಡಿ ಮುಚ್ಚಿಟ್ಟಿದ್ದೂ ನಾನೇ” ಎಂದ.

ಕಮಲಿ ಅವನ ಕಡೆ ತಿರುಗಿದಳು. “ಮೊದ್ಲೇ ನೋಡಿದ್ರೆ ಎಷ್ಟು ಹೊತ್ತು ಹಿಡೀತಿತ್ತು ಉದಯಣ್ಣ?”

“ಇಂಜಿನ್ ಕೊಕ್ಕೆಯಿಂದ ಬಿಚ್ಚಿಟ್ಟು ನೋಡಿದ್ರೆ, ಹತ್ತು ನಿಮಿಷ.”

ಅವಳು ಎದ್ದು ಒಳಗೆ ಹೋದಳು. ಅಲ್ಲಿಂದ ಮುಂದೆ ಅವನ ಹತ್ತಿರ ಮಾತಾಡಿಲ್ಲ.

ಉದಯ ಅಂದೇ ಠಾಣೆಗೆ ಹೋಗಿ ಎಲ್ಲ ಬರೆಸಿದ. ಲೈಸೆನ್ಸ್ ಹೋಯಿತು, ಕೇಸು ಇನ್ನೂ ನಡೆಯುತ್ತಿದೆ. ಈಗ ಕುಮಟಾದಲ್ಲಿ ಬೇರೆಯವರ ಅಂಗಡಿಯಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುತ್ತಾನೆ. ಒಯ್ಯಲು ಬಂದವರಿಗೆಲ್ಲ, “ಬೆಲ್ಟ್ ಹಾಕೂ ಮುಂಚೆ ಖಾಲಿ ತಿರುಗಿಸಿ, ಯಾವ ಬದಿಗೆ ತಿರುಗ್ತದೆ ನೋಡಿ” ಎನ್ನುತ್ತಾನೆ. “ಆತು” ಎಂದು ಅವರು ಹೋಗುತ್ತಾರೆ. ಎಷ್ಟು ಮಂದಿ ನೋಡುತ್ತಾರೋ.

ಹಮ್ಮ ಶೆಡ್ಡು ಬಿಟ್ಟ. ಹೋದ ತಿಂಗಳು ಮೀನುಪೇಟೆಯಲ್ಲಿ ಇಬ್ಬರೂ ಎದುರುಬದುರಾದರು. “ತಪ್ಪಾತು ಹಮ್ಮಣ್ಣ” ಎಂದ ಉದಯ.

ಹಮ್ಮ ಸಿಟ್ಟು ಮಾಡಲಿಲ್ಲ. “ಕಡೆಗೆ ನೀ ಹೇಳ್ದೆ, ಅದು ಬೇರೆ ಮಾತು” ಎಂದ. “ಆ ಮೂರು ದಿನ ನನ್ನ ಹೆಂಡ್ತಿನೂ ನನ್ನ ನಂಬಲಿಲ್ಲ.”

ಹಮ್ಮ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದ.